ನೀರಿನ ಸಂಘದಾಗ ನಮ್ಮ ಹೆಸರೂ ಇರಲಿ

(ಚಿಂಚಲಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ರಾತ್ರಿ ಪಾಳಿ ಬಂತಂದ್ರ ಬ್ಯಾಟರಿ ಹಿಡಕೊಂಡು ಹೊಲಕ್ಕೆ ಹೋಗುವವರಲ್ಲಿ ನಾವೂ ಇದ್ದೇವೆ. ಕಬ್ಬಿಗೆ ನೀರು ಹಾಯಿಸುತ್ತೇವೆ, ಬದು ಒಡೆದರೆ ಮಣ್ಣು ಹಾಕುತ್ತೇವೆ. ಆದರೆ ಯಾರ ಹೊಲಕ್ಕೆ ಎಷ್ಟು ತಾಸು ನೀರು ಅಂತ ಮಾತಾಡುವ ಸಭೆಯಲ್ಲಿ ನಾವು ಇರುವುದಿಲ್ಲ. ಯಾಕ?

ಮೊದಲು ನೀರಿನ ದಾರಿ ನೋಡೋಣ. ಹಿಡಕಲ್ ಜಲಾಶಯದ ನೀರು ಘಟಪ್ರಭಾ ಎಡದಂಡೆ ಕಾಲುವೆಯಿಂದ ನಮ್ಮ ರಾಯಬಾಗ ತಾಲ್ಲೂಕಿಗೂ ಬರುತ್ತದೆ. ದೊಡ್ಡ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ. ತೂಬಿನ ಹತ್ತಿರದವರು ಮನಸ್ಸಿಗೆ ಬಂದಷ್ಟು ಹಾಯಿಸಿದರೆ ಕೊನೆಯವರ ಬೆಳೆ ಒಣಗುತ್ತದೆ. ಹೆಚ್ಚು ಹಾಯಿಸಿದವರಿಗೂ ಸುಖ ಇಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಕರಿಮಣ್ಣಿನ ಹೊಲಗಳು ಸವಳು-ಜವಳಾಗಿ ಕೆಟ್ಟಿವೆ.

ಅಧಿಕಾರಿಗಳಿಂದಷ್ಟೇ ಇದು ಸರಿಹೋಗುವುದಿಲ್ಲ. ನೀರಾವರಿ ನಿರ್ವಹಣೆಯಲ್ಲಿ ರೈತರೂ ಸೇರಬೇಕೆಂದು 1987ರ ರಾಷ್ಟ್ರೀಯ ಜಲನೀತಿ ಹೇಳಿತು. ಕರ್ನಾಟಕ ಸರ್ಕಾರ 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟಿತು. ನೀರನ್ನು ಪಾಳಿ ಪ್ರಕಾರ ಹಂಚುವುದು, ನೀರಿನ ಕರ ಕೂಡಿಸುವುದು, ಹೊಲಗಾಲುವೆಯ ಹೂಳು ತೆಗೆಸುವುದು ಈ ಸಂಘಗಳ ಕೆಲಸ.

ಆದರೆ ಈ ಸಂಘಕ್ಕೆ ಹೆಚ್ಚಾಗಿ ಉತಾರದಲ್ಲಿ ಹೆಸರಿದ್ದವರೇ ಸದಸ್ಯರಾಗುತ್ತಾರೆ. ಉತಾರದಲ್ಲಿ ಗಂಡನ ಹೆಸರು, ಮಾವನ ಹೆಸರು. ದುಡಿಯುವ ಕೈ ನಮ್ಮದು, ಸಹಿ ಅವರದು. ವಿಧವೆಯಾದ ತಂಗಿಯ ಪಾಳಿಯನ್ನು ಬೇರೆಯವರು ತಿರುಗಿಸಿಕೊಂಡರೆ ಕೇಳುವವರು ಯಾರು?

ಅಕ್ಕಂದಿರೆ, ಲೆಕ್ಕ ಇಡುವುದು ನಮಗೆ ಹೊಸದಲ್ಲ. ವಾರವಾರ ಉಳಿತಾಯ ಕೂಡಿಸುತ್ತೇವೆ, ಠರಾವು ಬರೆಯುತ್ತೇವೆ, ಸಾಲ ಯಾರಿಗೆ ಎಷ್ಟು ಅಂತ ಎಲ್ಲರ ಮುಂದೆ ಓದುತ್ತೇವೆ. ಕೊಟ್ಟ ಸಾಲಕ್ಕೆ ಇರುವ ಲೆಕ್ಕ, ಹರಿಯುವ ನೀರಿಗೂ ಬೇಕು. ಅದಕ್ಕೆ ಮೂರು ಕೆಲಸ ಮಾಡೋಣ:

1. ಉತಾರ ತೆಗೆಸಿ ನೋಡೋಣ. ಜಂಟಿಯಾಗಿ ನಮ್ಮ ಹೆಸರು ಸೇರಿಸಲು ಮನೆಯಲ್ಲಿ ಮಾತಾಡೋಣ. ಹೆಸರಿದ್ದವರು ಇಂದೇ ಸದಸ್ಯತ್ವ ಕೇಳೋಣ.
2. ಪಾಳಿಯ ಪಟ್ಟಿಯನ್ನು, ಹೊಲದ ಅಳತೆ ಮತ್ತು ತಾಸು ಸಹಿತ, ಎಲ್ಲರಿಗೂ ಕಾಣುವಂತೆ ಹಚ್ಚಲು ಹೇಳೋಣ.
3. ವರ್ಷದ ಸಭೆಗೆ ಒಬ್ಬೊಬ್ಬರೇ ಹೋಗದೆ, ನಾಲ್ಕೈದು ಮಂದಿ ಕೂಡಿ ಹೋಗಿ ಕರದ ಲೆಕ್ಕ ಕೇಳೋಣ.

ತೂಬಿನ ಹತ್ತಿರ ಹೊಲ ಇದ್ದವರಿಗೆ ಇನ್ನೊಂದು ಮಾತು. ನಮ್ಮ ಪಾಳಿ ಮುಗಿದ ಕೂಡಲೇ ನೀರು ಬಿಟ್ಟುಕೊಡೋಣ. ಕೊನೆಯ ಹೊಲದಾಕಿಯೂ ನಮ್ಮ ಸಂಘದ ತಂಗಿಯೇ. ಆಕೆಯ ಹೊಲಕ್ಕೆ ನೀರು ಮುಟ್ಟಿದ ದಿನ ನಮ್ಮ ಸಂಘ ಗೆದ್ದಂಗ.