ಯಂತ್ರಕ್ಕೆ ಒಡೆಯ ಯಾರು?

(ಕಳಸದಲ್ಲಿ ನಡೆದ ಕೆಲಸಗಾರರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ರಾಜಕೀಯವೆಂದರೆ ಯಾರು ಯಾವ ಪಕ್ಷ ಬಿಟ್ಟರು, ಯಾರು ಮಂತ್ರಿಯಾದರು ಎಂಬ ಸುದ್ದಿ ಎಂದೇ ನಾವು ತಿಳಿದುಬಿಟ್ಟಿದ್ದೇವೆ. ಆ ಸುದ್ದಿ ಓದುವುದಕ್ಕೆ ಪತ್ರಿಕೆಗಳು ಬೇಕಾದಷ್ಟಿವೆ. ಪಡಿತರ ಅಂಗಡಿಯಲ್ಲಿ ಯಂತ್ರವು ನಿಮ್ಮ ಹೆಬ್ಬೆರಳನ್ನು ಒಪ್ಪುತ್ತದೆಯೋ ಇಲ್ಲವೋ, ನೀವು ಮಲಗುವ ಮನೆ ಯಾರ ಹೆಸರಿನಲ್ಲಿದೆ, ನಿಮ್ಮ ಅಂಗಡಿಯ ಲೆಕ್ಕವನ್ನು ಯಾರು ಕದ್ದು ನೋಡುತ್ತಾರೆ, ಇವೂ ರಾಜಕೀಯವೇ. ಇವತ್ತು ನಾನು ಆ ರಾಜಕೀಯವನ್ನೇ ಮಾತಾಡಬೇಕೆಂದಿದ್ದೇನೆ.

ಯಂತ್ರವನ್ನು ಬೈಯುವ ಹಳೆಯ ಚಾಳಿ ನನಗಿಲ್ಲ. ಕೈಪಂಪನ್ನು ಭುಜಕ್ಕೆ ಹೊತ್ತು ಗುಡ್ಡ ಹತ್ತಿ ಔಷಧಿ ಹೊಡೆದವನಿಗೆ ಮೋಟಾರ್ ಪಂಪಿನ ಬೆಲೆ ಗೊತ್ತು. ಆದರೆ ಯಂತ್ರ ಬಂದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಅದರ ಒಡೆಯ ಯಾರು? ಅದರ ಲಾಭ ಯಾರಿಗೆ? ಅದು ಕೆಟ್ಟುನಿಂತ ದಿನ ನಷ್ಟ ಯಾರ ತಲೆಯ ಮೇಲೆ?

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕುದುರೆಮುಖದ ಗುಡ್ಡ ಇಲ್ಲೇ ಇದೆ. 1976ರಲ್ಲಿ ಅಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಇರಾನಿನ ದೊರೆ ಶಾ ಸಾಲ ಕೊಡುವುದು, ಅದಿರನ್ನು ಅವನೇ ಕೊಳ್ಳುವುದು ಎಂದು ಒಪ್ಪಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಓಡಿದ, ಕೊಳ್ಳುವವನೇ ಇಲ್ಲವಾದ. ತೆಹರಾನಿನಲ್ಲಿ ಸಿಂಹಾಸನ ಉರುಳಿದರೆ ಭದ್ರೆಯ ದಡದ ಕೆಲಸಗಾರನ ಹೊಟ್ಟೆ ನಡುಗುವ ವ್ಯವಸ್ಥೆ ಅದು. ಆಮೇಲೆ ಬೇರೆ ಗಿರಾಕಿಗಳು ಸಿಕ್ಕರು. ಗುಡ್ಡ ಕಡಿದು, ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸಿದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಮಳೆಗಾಲದಲ್ಲಿ ಭದ್ರೆ ಮಣ್ಣು ಹೊತ್ತು ಹರಿದಳು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಕಾಡು ಉಳಿಯಬೇಕಾಗಿತ್ತು, ಉಳಿಯಿತು, ತೀರ್ಪು ಸರಿಯೇ. ಆದರೆ ಲೆಕ್ಕ ನೋಡಿ. ಲಾಭ ಕೊಳವೆಯಲ್ಲಿ ಹೋಯಿತು. ಕೆಸರು ಇಲ್ಲಿ ಉಳಿಯಿತು. ಗಣಿಯನ್ನೇ ನಂಬಿದ್ದ ಗುತ್ತಿಗೆ ಕೆಲಸಗಾರ, ಹೋಟೆಲಿನವ, ಅಂಗಡಿಯವ ಬೀದಿಯಲ್ಲಿ ನಿಂತರು. ಗಣಿ ತೆರೆಯುವಾಗಲೂ ಮುಚ್ಚುವಾಗಲೂ ಕಳಸದ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಈಗ ಬೇರೆ ಬಗೆಯ ಯಂತ್ರಗಳು ಬಂದಿವೆ. ಇವು ಹೊಗೆ ಕಾರುವುದಿಲ್ಲ, ಸದ್ದು ಮಾಡುವುದಿಲ್ಲ. ಕ್ಯೂರಿಂಗ್ ವರ್ಕ್ಸುಗಳಲ್ಲಿ ಹಿಂದೆ ಸಾಲುಸಾಲಾಗಿ ಹೆಂಗಸರು ಕೂತು ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಿದ್ದರು. ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರ ಬಂದಿತು; ಆ ಸಾಲುಗಳು ಕರಗಿದವು. ಕೂತು ಕೂತು ಬೆನ್ನು ಬಾಗಿದ್ದು ಸುಳ್ಳಲ್ಲ, ಆ ಕಷ್ಟ ತಪ್ಪಿದರೆ ಸಂತೋಷವೇ. ಆದರೆ ಉಳಿದ ಕೂಲಿಯ ಹಣ ಎಲ್ಲಿ ಹೋಯಿತು? ಕೆಲಸ ಕಳೆದುಕೊಂಡ ಹೆಂಗಸಿನ ಸೆರಗಿಗಂತೂ ಬೀಳಲಿಲ್ಲ. ಹತ್ತು ಜನರ ಕೆಲಸವನ್ನು ಒಂದು ಯಂತ್ರ ಮಾಡಿದರೆ ಆ ಹತ್ತು ಜನರ ಕೆಲಸದ ಹೊತ್ತು ಕಡಿಮೆಯಾಗಬೇಕು. ಆಗುವುದು ಜನರೇ ಕಡಿಮೆಯಾಗುವುದು.

ಇನ್ನು ಹೆಬ್ಬೆರಳಿನ ಮಾತು. ಒಂದು ಕಾಲದಲ್ಲಿ ಹೆಬ್ಬೆಟ್ಟು ಒತ್ತುವವನನ್ನು ಓದುಬರಹ ಬಾರದವನೆಂದು ನಗುತ್ತಿದ್ದರು. ಇಂದು ಸರ್ಕಾರವೇ ಎಲ್ಲರ ಹೆಬ್ಬೆಟ್ಟು ಕೇಳುತ್ತದೆ! ಆದರೆ ನಲವತ್ತು ವರ್ಷ ಕತ್ತಿ ಹಿಡಿದು, ಕಾಫಿ ಹಣ್ಣು ಕಿತ್ತು, ಗೊಬ್ಬರ ಎರಚಿದ ಕೈಯ ಗೆರೆ ಸವೆದಿರುತ್ತದೆ. ಯಂತ್ರ ಆ ಬೆರಳನ್ನು ಗುರುತಿಸದು. ಜಡಿಮಳೆಯಲ್ಲಿ ಕರೆಂಟು ಹೋದರೆ ಸಿಗ್ನಲ್ಲೂ ಇಲ್ಲ. ದುಡಿದ ಗುರುತೇ ಅಕ್ಕಿ ಸಿಗದಿರಲು ಕಾರಣವಾಗುವುದಾದರೆ ಇದಕ್ಕಿಂತ ಅನ್ಯಾಯ ಯಾವುದಿದೆ? ಉದ್ಯೋಗ ಖಾತರಿ ಕೆಲಸದಲ್ಲೂ ಹೀಗೆಯೇ ಆಯಿತು. 2023ರ ಜನವರಿಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು ಹಾಜರಿ, 2024ರ ಜನವರಿಯಿಂದ ಆಧಾರ್ ಮೂಲಕವೇ ಕೂಲಿ ಎಂದರು. 2025ರ ಡಿಸೆಂಬರಿನಲ್ಲಿ 2005ರ ಆ ಕಾಯ್ದೆಯನ್ನೇ ತೆಗೆದು ಹೊಸದೊಂದನ್ನು ತಂದು, ವೆಚ್ಚದಲ್ಲಿ ನೂರಕ್ಕೆ ನಲವತ್ತರ ಪಾಲನ್ನು ರಾಜ್ಯಗಳ ಮೇಲೆ ಹೊರಿಸಿದರು. ಕಳ್ಳತನ ತಡೆಯಬೇಕು, ಒಪ್ಪುತ್ತೇನೆ. ಆದರೆ ಬಡವನನ್ನು ಕಳ್ಳನೆಂದು ಮೊದಲೇ ತೀರ್ಮಾನಿಸಿ ದಿನವೂ ಸಾಕ್ಷಿ ಕೇಳುವುದು ಆಡಳಿತವಲ್ಲ.

ಅಂಗಡಿಗಾರ ಮಿತ್ರರೇ, ನಿಮಗೂ ಈ ಬಿಸಿ ತಟ್ಟಿದೆ. 2016ರ ನವೆಂಬರಿನಲ್ಲಿ ನೋಟು ರದ್ದು ಮಾಡಿ, ಮೊಬೈಲಿನಲ್ಲಿ ಹಣ ತೆಗೆದುಕೊಳ್ಳಿ, ಅದೇ ದೇಶಸೇವೆ ಎಂದರು. ನೀವು ನಂಬಿ ಗಲ್ಲಾಪೆಟ್ಟಿಗೆಯ ಮುಂದೆ ಚೌಕುಳಿ ಚಿತ್ರ ಅಂಟಿಸಿದಿರಿ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಅದೇ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ಹೋಯಿತು. ಸರಕಿಗೆ ವರ್ಷಕ್ಕೆ 40 ಲಕ್ಷದ ಮಿತಿ. ಆದರೆ ಖಾತೆಗೆ ಬಂದದ್ದೆಲ್ಲಾ ವಹಿವಾಟೇ? ಅಣ್ಣನಿಂದ ತಂದ ಕೈಸಾಲ, ಗಿರಾಕಿಗೆ ಚಿಲ್ಲರೆ ಕೊಡಲು ಬದಲಾಯಿಸಿದ ಹಣ, ಎಲ್ಲವೂ ಯಂತ್ರದ ಕಣ್ಣಿಗೆ ಒಂದೇ. ವ್ಯಾಪಾರಿಗಳು ಒಗ್ಗಟ್ಟಾಗಿ ಗದ್ದಲವೆಬ್ಬಿಸಿದ ಮೇಲೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಒಂಟಿಯಾಗಿ ಅರ್ಜಿ ಹಿಡಿದು ಹೋಗಿದ್ದರೆ ಈ ಮಾತು ಬರುತ್ತಿತ್ತೇ?

ಎಲ್ಲಕ್ಕಿಂತ ದೊಡ್ಡದು ನೆಲದ ಪ್ರಶ್ನೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು; ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯಿಂದ ಉಳುವವನಿಗೆ ಗದ್ದೆ ಸಿಕ್ಕಿತು. ಆದರೆ ಕಾಫಿ ತೋಟಗಳನ್ನು ಆ ಕಾನೂನಿನಿಂದ ಹೊರಗಿಟ್ಟರು. ಹೀಗಾಗಿ ನಮ್ಮ ಮಲೆನಾಡಿನಲ್ಲಿ ಕಣಿವೆಗೆ ಒಂದು ನ್ಯಾಯ, ಗುಡ್ಡಕ್ಕೆ ಒಂದು ನ್ಯಾಯ ಆಯಿತು. ಈಗ ಸರ್ಕಾರಿ ಜಮೀನು ಒತ್ತಿಕೊಂಡು ಕಾಫಿ ಬೆಳೆದವರಿಗೆ 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಎರಡೆಕರೆಯ ರೈತನಿಗೆ ಭದ್ರತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಫಾರಂ 50, 53, 57 ಎಂದು ಅರ್ಜಿ ಹಾಕಿ ಕಚೇರಿ ಮೆಟ್ಟಿಲು ಸವೆಸಿದವರು ಈ ಸಭೆಯಲ್ಲೇ ಇದ್ದಾರೆ. ಆದರೆ 25 ಎಕರೆ ಒತ್ತಿದವನಿಗೆ ಗುತ್ತಿಗೆ ಸಿಗುವ ನಾಡಿನಲ್ಲಿ ಲೈನಿನಲ್ಲಿ ಹುಟ್ಟಿ ಲೈನಿನಲ್ಲೇ ಮುದುಕನಾದವನಿಗೆ ಮೂವತ್ತು–ನಲವತ್ತು ಅಡಿಯ ನಿವೇಶನ ಸಿಗುವುದಿಲ್ಲವೇ? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮನೆ ಕೊಟ್ಟದ್ದು ನಿಜ, ದುಡಿಯುವವರೆಗೆ ಮಾತ್ರ. ಕೆಲಸ ಬಿಟ್ಟ ದಿನ ಬೀಗದ ಕೈ ಕೊಡಬೇಕು. 2020ರಲ್ಲಿ ಸ್ವಾಮಿತ್ವ ಎಂಬ ಹೆಸರಿನಲ್ಲಿ ಡ್ರೋನು ಹಾರಿಸಿ ಹಳ್ಳಿಯ ಮನೆಗಳಿಗೆ ಹಕ್ಕಿನ ಚೀಟಿ ಕೊಡುವ ಯೋಜನೆ ತಂದರು. ಲೈನಿನ ಮನೆ ತೋಟದ ನೆಲದಲ್ಲಿದೆ. ಡ್ರೋನಿಗೆ ಹೆಂಚು ಕಾಣುತ್ತದೆ, ಹೆಂಚಿನ ಕೆಳಗಿನ ಮನುಷ್ಯ ಕಾಣುವುದಿಲ್ಲ.

ಯೂರೋಪಿನವರದ್ದೂ ಒಂದು ಕಾನೂನಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ, ಪ್ರತಿ ತೋಟದ ಅಕ್ಷಾಂಶ ರೇಖಾಂಶ ತೋರಿಸಿ ಎನ್ನುತ್ತಾರೆ. 2023ರಲ್ಲಿ ಮಾಡಿದ್ದು ಎರಡು ಸಲ ಮುಂದಕ್ಕೆ ಹೋಗಿದೆ. ಕಾಡಿನ ಮೇಲೆ ಪ್ರೀತಿ ಒಳ್ಳೆಯದೇ. ಆದರೆ ದೊಡ್ಡ ತೋಟಕ್ಕೆ ರೈಟರ್ ಇದ್ದಾನೆ, ಕಂಪ್ಯೂಟರ್ ಇದೆ. ಪಹಣಿಯೇ ಸರಿಯಿಲ್ಲದ ಸಣ್ಣ ಬೆಳೆಗಾರ ಯಾವ ಕಾಗದ ತೋರಿಸುತ್ತಾನೆ? ಕಾಗದವಿಲ್ಲವೆಂದು ದಲ್ಲಾಳಿ ಮೂಟೆಗೆ ಬೆಲೆ ಇಳಿಸಿದರೆ ನಷ್ಟ ಅವನಿಗೆ. ಮರವನ್ನು ಆಕಾಶದಿಂದ ಎಣಿಸುವವರು, ಹಣ್ಣು ಕೊಯ್ದವನಿಗೆ ಎಷ್ಟು ಕೂಲಿ ಸಿಕ್ಕಿತೆಂದು ಅಷ್ಟೇ ನಿಷ್ಠೆಯಿಂದ ಎಣಿಸಲಿ.

ಇದಕ್ಕೆಲ್ಲಾ ಪರಿಹಾರ ಬೆಂಗಳೂರಿನಲ್ಲಿಲ್ಲ, ದೆಹಲಿಯಲ್ಲಂತೂ ಇಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಅಧಿಕಾರವನ್ನು ಹಳ್ಳಿಗೆ ಇಳಿಸಬೇಕೆಂದು ದುಡಿದು, 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯುವಂತೆ ಮಾಡಿದರು. ಅದೇ ನಾಡಿನಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನು ವರ್ಷಗಟ್ಟಲೆ ಅಧಿಕಾರಿಗಳ ಕೈಗೆ ಬಿಟ್ಟರು. ಒಂದು ಪಕ್ಷ ಹೋಗಿ ಇನ್ನೊಂದು ಬಂದರೂ ಈ ವಿಷಯದಲ್ಲಿ ಇಬ್ಬರದೂ ಒಂದೇ ರಾಗ. ಡ್ರೋನು ಹಾರಿಸಲು ಪುರುಸೊತ್ತುಂಟು, ಮತಪೆಟ್ಟಿಗೆ ಇಡಲು ಪುರುಸೊತ್ತಿಲ್ಲ!

ನಾವು ಕೇಳುವುದು ನಾಲ್ಕೇ. ಒಂದು, ಬೆರಳು ಒಪ್ಪದಿದ್ದರೂ, ಸಿಗ್ನಲ್ ಇಲ್ಲದಿದ್ದರೂ ಪಡಿತರ ಚೀಟಿ ನೋಡಿ ಪುಸ್ತಕದಲ್ಲಿ ಬರೆದು ಅದೇ ದಿನ ಅಕ್ಕಿ ಕೊಡಬೇಕು. ಎರಡು, ಒತ್ತುವರಿಯ ಗುತ್ತಿಗೆ ಕೊಡುವ ಮೊದಲು ಲೈನಿನಲ್ಲಿರುವ ಪ್ರತಿ ಕುಟುಂಬಕ್ಕೂ ನಿವೇಶನ ತೆಗೆದಿಡಬೇಕು. ಮೂರು, ಸಣ್ಣ ವರ್ತಕನಿಗೆ ನೋಟೀಸು ಕಳಿಸುವ ಮೊದಲು ಅವನ ಮಾತು ಕೇಳಬೇಕು. ನಾಲ್ಕು, ಸಣ್ಣ ಬೆಳೆಗಾರನ ತೋಟದ ಅಳತೆ, ಕಾಗದ ಎಲ್ಲವನ್ನೂ ಕಾಫಿ ಮಂಡಳಿಯವರು ಅವನ ಮನೆ ಬಾಗಿಲಿಗೆ ಬಂದು ಬಿಟ್ಟಿಯಾಗಿ ಮಾಡಿಕೊಡಬೇಕು.

ಮುಂದಿನ ಗ್ರಾಮಸಭೆಗೆ ಹತ್ತು ಜನ ಹೋಗಿ ಸಹಿ ಹಾಕಿ ಬರಬೇಡಿ. ಲೈನಿನವರು, ಗಿರಣಿಯವರು, ಅಂಗಡಿಯವರು, ಅಸ್ಸಾಮಿನಿಂದ ಬಂದು ನಮ್ಮ ಪಕ್ಕದಲ್ಲೇ ಕೊಯ್ಲು ಮಾಡುವವರನ್ನೂ ಕರೆದುಕೊಂಡು ಒಟ್ಟಾಗಿ ಹೋಗಿ. ಈ ನಾಲ್ಕು ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ನಕಲು ತೆಗೆದುಕೊಂಡೇ ಮನೆಗೆ ಹೊರಡಿ.