ಸೇವೆಯಿಂದ ಕೈಗೂಡುವ ಕಾಯಕ



ರಾಜಾಜಿನಗರದ ಕೈಗಾರಿಕೆಗಳ ನೆರೆಯಲ್ಲಿರುವ ಕುರುಬರಹಳ್ಳಿಯ ತರುಣನು ಓದು ಮುಗಿಸಿ ಕೆಲಸವನ್ನು ಬೇಡಿದರೆ, ಅನುಭವವೆಲ್ಲಿ ಎಂದು ಕೇಳುವರು. ಕೆಲಸವೇ ಇಲ್ಲದವನಿಗೆ ಅನುಭವವು ಎಲ್ಲಿಂದ ಬರಬೇಕು? ಈ ತೊಡಕನ್ನು ಬಿಡಿಸುವ ಒಂದು ದಾರಿಯು ಸೇವೆಯಲ್ಲಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ವಚನಗಳ ಸೇವೆಗೆ ಅವರನ್ನು ಯಾರೂ ವೇತನಕೊಟ್ಟು ನೇಮಿಸಿರಲಿಲ್ಲ. ಆದರೂ ತಾಡವೋಲೆಗಳನ್ನು ಕೂಡಿಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲರು ಸಂಪಾದಕರೂ ಮುದ್ರಕರೂ ಆದುದು ಸೇವೆಯಿಂದಲೇ. ಅದರಿಂದ ಅವರಿಗೆ ದೊರೆತುದು ದ್ರವ್ಯವಲ್ಲ, ವಿದ್ಯೆ.

ಮಠದ ದಾಸೋಹದಲ್ಲಿಯೂ ಇಂತಹ ವಿದ್ಯೆಯುಂಟು. ನೂರು ಎಲೆಗಳ ಪಂಕ್ತಿಗೆ ಅಕ್ಕಿಬೇಳೆಗಳನ್ನು ಅಳೆದುಕೊಡುವವನು ಉಗ್ರಾಣದ ಲೆಕ್ಕವನ್ನು ಕಲಿಯುವನು. ಜಾತ್ರೆಯ ಸಂದಣಿಯನ್ನು ನಡೆಸುವವನು ತಾಳ್ಮೆಯನ್ನು ಕಲಿಯುವನು. ಸಂಜೆ ಮಕ್ಕಳಿಗೆ ಪಾಠ ಹೇಳುವವಳು ಅಧ್ಯಾಪನವನ್ನು ಕಲಿಯುವಳು.

ಆದರೆ ಸೇವೆಯ ಹೆಸರಿನಲ್ಲಿ ದುಡಿಯುವವರ ಕೂಲಿಯನ್ನು ತಪ್ಪಿಸುವುದು ಶರಣಧರ್ಮವಲ್ಲ. ಕಾಯಕಕ್ಕೆ ನ್ಯಾಯವಾದ ಪ್ರತಿಫಲವು ಸಲ್ಲತಕ್ಕದ್ದು. ಆದುದರಿಂದ ಸೇವೆಗೆ ಬಂದವರಿಗೆ ಹಿರಿಯರು ಬರಿಯ ದುಡಿಮೆಯನ್ನು ಹೊರಿಸದೆ, ಲೆಕ್ಕದ ಪುಸ್ತಕವನ್ನು ಕೈಗಿತ್ತು ತಪ್ಪನ್ನು ತಿದ್ದಬೇಕು. ಮಾಡಿದ ಕೆಲಸವನ್ನು ಕಾಗದದಲ್ಲಿ ಬರೆದು ಸಹಿಹಾಕಿ ಕೊಡಬೇಕು. ತರುಣರೂ ಸಂಬಳವಿಲ್ಲದ ಕೆಲಸವೆಂದು ಅರೆಮನಸ್ಸು ಮಾಡಬಾರದು. ಸೇವೆಯಲ್ಲಿ ಪಳಗಿದ ಕೈಗೆ ಕಾಯಕವು ದೊರೆತು, ಆ ಕಾಯಕದ ಫಲವು ಮರಳಿ ದಾಸೋಹಕ್ಕೆ ಬರಲಿ.