ಗ್ಯಾರೇಜಿನ ಕಂಪ್ಯೂಟರಿನಿಂದ ಒಂದು ಪ್ರಿಂಟ್

ಫ್ರೀಮಾಂಟ್, ಸನ್ನಿವೇಲ್ ಕಡೆಯ ನಮ್ಮ ಮನೆಗಳ ಗ್ಯಾರೇಜಿನಲ್ಲಿ ಅಪ್ಪನ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಕೂತಿರಬಹುದು. ಎಸೆಯುವ ಮುಂಚೆ ಒಮ್ಮೆ ಆನ್ ಮಾಡಿ ನೋಡಿ. ಅಮ್ಮ ಟೈಪ್ ಮಾಡಿದ ನಾಟಕವೋ, ಅಜ್ಜಿಗೆ ಬರೆದ ಪತ್ರವೋ ಅದರಲ್ಲಿರಬಹುದು. ಆಗಿನ ಬರಹ, ನುಡಿ ಫಾಂಟುಗಳಲ್ಲಿ ಹಲವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಲ್ಲೇ ಪ್ರಿಂಟ್ ತೆಗೆದರೆ ಆ ತೊಂದರೆಯಿಲ್ಲ.

ಹೊಸ ಪ್ರಿಂಟರಿಗೆ ಎಕ್ಸ್‌ಪಿ ಡ್ರೈವರ್ ಸಿಗಲಿಲ್ಲವೇ? ಅದಕ್ಕೆ ಪಿಸಿಎಲ್ ಭಾಷೆ ಗೊತ್ತಿದ್ದರೆ ಸಾಕು. ಮೊದಲು ರೂಟರಿನಲ್ಲಿ ಪ್ರಿಂಟರಿಗೆ ಬದಲಾಗದ ಐಪಿ ವಿಳಾಸ ಕೊಡಿ. ಎಕ್ಸ್‌ಪಿಯ ‘ಆ್ಯಡ್ ಪ್ರಿಂಟರ್’ನಲ್ಲಿ ನೆಟ್‌ವರ್ಕ್ ಅಲ್ಲ, ‘ಲೋಕಲ್ ಪ್ರಿಂಟರ್’ ಆರಿಸಿ. ಎಲ್ಲರೂ ಎಡವುವುದು ಇಲ್ಲೇ. ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಮಾಡಿ, ಆ ವಿಳಾಸ ತುಂಬಿ. ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ 9100. ಡ್ರೈವರ್ ಪಟ್ಟಿಯಲ್ಲಿ ಹಳೇ ‘ಎಚ್‌ಪಿ ಲೇಸರ್‌ಜೆಟ್ 4’ ಆರಿಸಿ ನೋಡಿ.

ಒಂದು ಎಚ್ಚರಿಕೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಆದ್ದರಿಂದ ಆ ಕಂಪ್ಯೂಟರಿನ ಐಪಿ ವಿಳಾಸ ನೀವೇ ತುಂಬಿ, ‘ಡೀಫಾಲ್ಟ್ ಗೇಟ್‌ವೇ’ ಖಾಲಿ ಬಿಡಿ. ಮನೆಯ ಪ್ರಿಂಟರ್ ಸಿಗುತ್ತದೆ, ಹೊರಗಿನ ಇಂಟರ್ನೆಟ್ ಸಿಗುವುದಿಲ್ಲ.

ಮೊದಲ ಹಾಳೆ ಬಂದಾಗ ಅಮ್ಮನ ಕೈಗೆ ಕೊಡಿ. ನಿಮಗೆ ಕನ್ನಡ ಓದಲು ಬಾರದಿದ್ದರೆ ಅವರಿಂದಲೇ ಗಟ್ಟಿಯಾಗಿ ಓದಿಸಿ, ಪಕ್ಕದಲ್ಲಿ ಕೂತು ಕೇಳಿ.